ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಮದುವೆ ಮನೆಯಲ್ಲಿ ಹಸೆಗೆ ಕೂತ ವಧೂವರರಿಗೆ ಆರತಿ ಎತ್ತುವಾಗ ತಟ್ಟೆಯಲ್ಲಿ ಕೆಂಪು ನೀರು ತುಳುಕುತ್ತಿರುತ್ತದೆ. ಈ ಕೆಂಪನ್ನು ಹೆಂಗಸರು ಅಂಗಡಿಯಿಂದ ತರುವುದಿಲ್ಲ. ನೀರಿಗೆ ಚಿಟಿಕೆ ಅರಿಸಿನ ಹಾಕಿ, ಎಲೆಅಡಿಕೆ ತಟ್ಟೆಯಲ್ಲಿರುವ ಸುಣ್ಣವನ್ನು ಬೆರಳ ತುದಿಯಲ್ಲಿ ತೆಗೆದು ಕದಡುತ್ತಾರೆ. ಹಳದಿ ನೀರು ನೋಡನೋಡುತ್ತಿದ್ದಂತೆ ರಕ್ತದ ಬಣ್ಣಕ್ಕೆ ತಿರುಗುತ್ತದೆ. ಹಳ್ಳಿಗಳ ಓಕುಳಿಯಾಟದಲ್ಲಿ ಒಬ್ಬರ ಮೇಲೊಬ್ಬರು ಎರಚಿಕೊಳ್ಳುತ್ತಿದ್ದುದೂ ಇದೇ ನೀರು. ಅದಕ್ಕೆ ಅರ್ಧ ನಿಂಬೆಹಣ್ಣು ಹಿಂಡಿದರೆ ಕೆಂಪು ಮಾಯವಾಗಿ ಹಳದಿ ಮರಳುತ್ತದೆ. ಮತ್ತೆ ಸುಣ್ಣ ಬೆರೆಸಿದರೆ ಮತ್ತೆ ಕೆಂಪು.

ರಸಾಯನಶಾಸ್ತ್ರದ ಭಾಷೆಯಲ್ಲಿ ಸುಣ್ಣ ಪ್ರತ್ಯಾಮ್ಲ, ನಿಂಬೆರಸ ಆಮ್ಲ, ಇವೆರಡರ ಗುಟ್ಟನ್ನು ಬಯಲು ಮಾಡುವ ಅರಿಸಿನ ಸೂಚಕ. ಹೂವಿನ ರಸದ ಬಣ್ಣ ಬದಲಾಗುವುದನ್ನು ನೋಡಿ ಆಮ್ಲವನ್ನು ಗುರುತಿಸಬಹುದೆಂದು ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ 1664ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ವಿವರಿಸಿದ. ನಮ್ಮ ಅಜ್ಜಿಯರು ಪುಸ್ತಕ ಬರೆಯಲಿಲ್ಲ, ಆಟವಾಡಿದರು. ವಿಚಿತ್ರವೆಂದರೆ, ಎಳೆತನದಿಂದ ಓಕುಳಿಯನ್ನು ಕಂಡ ಮಗುವೇ ಹತ್ತನೆಯ ತರಗತಿಗೆ ಬಂದಾಗ ಸೂಚಕದ ವ್ಯಾಖ್ಯೆಯನ್ನು ಹಲಗೆಯಿಂದ ನೋಡಿ ಬರೆದುಕೊಂಡು ಬಾಯಿಪಾಠ ಮಾಡುತ್ತದೆ. ಪುಸ್ತಕದ ಸೂಚಕಕ್ಕೂ ಮನೆಯ ಓಕುಳಿಗೂ ಸಂಬಂಧ ಉಂಟೆಂದು ಅದಕ್ಕೆ ಯಾರೂ ಹೇಳಿರುವುದಿಲ್ಲ.

ಆಟದ ಮೂಲಕ ರಸಾಯನಶಾಸ್ತ್ರ ಕಲಿಸಬೇಕು ಎಂಬ ಮಾತು ಈಚೆಗೆ ಶಿಕ್ಷಣ ತಜ್ಞರ ಬಾಯಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. ಅದು ಪಶ್ಚಿಮದಿಂದ ಬಂದ ಹೊಸ ಫ್ಯಾಷನ್ ಎಂದು ಭಾವಿಸುವವರೂ ಇದ್ದಾರೆ. ಚರಿತ್ರೆಯನ್ನು ತಿರುವಿ ನೋಡಿದರೆ ಆಟಕ್ಕೂ ಈ ಶಾಸ್ತ್ರಕ್ಕೂ ಇರುವ ನಂಟು ಹಳೆಯದು. ಅದರ ಒಂದು ಎಳೆ ಮೈಸೂರು ಸೀಮೆಯ ಮೂಲಕವೂ ಹಾದುಹೋಗುತ್ತದೆ.

ಕಪ್ಪು ಮರಳಿನ ಸೀಮೆ

ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿ ಪಾಳೆಯಗಾರರ ಕಾಲದ ಊರು, ಈಗ ಹೋಬಳಿ ಕೇಂದ್ರ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿ ಈ ಭಾಗದ ನದಿ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಈ ಊರು ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ಬಯಲುಸೀಮೆಯ ತಾಲ್ಲೂಕುಗಳು ಇದರ ವ್ಯಾಪ್ತಿ. ಮಳೆ ಕಡಿಮೆ, ಕಲ್ಲುಬಂಡೆ, ಕೋಟೆ ಕೊತ್ತಲ ಹೆಚ್ಚು.

ರಸಾಯನವಿದ್ಯೆಗೆ ಈ ಸೀಮೆ ಹೊಸದಲ್ಲ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಆದೇಶದಂತೆ ಮೈಸೂರು ರಾಜ್ಯವನ್ನು ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್ ಮಧುಗಿರಿ, ಚನ್ನರಾಯನದುರ್ಗದ ಕಡೆ ಕಬ್ಬಿಣ ಕರಗಿಸುವವರನ್ನು ಕಂಡ. ಮಳೆಯ ನೀರು ಹಳ್ಳಗಳಲ್ಲಿ ಹೊತ್ತು ತರುವ ಕಪ್ಪು ಮರಳೇ ಅವರ ಅದಿರು. ಅದನ್ನು ಇದ್ದಿಲಿನ ಜೊತೆ ಕುಲುಮೆಗೆ ಹಾಕಿ, ತಿದಿಯೊತ್ತಿ, ಕಬ್ಬಿಣ ಇಳಿಸುತ್ತಿದ್ದರು. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿಗೆ ತಂಗಡಿ ಗಿಡದ ಕಡ್ಡಿಗಳನ್ನು ಸೇರಿಸಿ, ಬಾಯಿ ಮುಚ್ಚಿ, ಗಂಟೆಗಟ್ಟಲೆ ಕಾಯಿಸಿ ಉಕ್ಕು ಮಾಡುವ ಕ್ರಮವನ್ನೂ ಅವನು ದಾಖಲಿಸಿದ್ದಾನೆ.

ಇದನ್ನೇ ಇಂದಿನ ಪಾಠಪುಸ್ತಕ ‘ಅಪಕರ್ಷಣ’ ಎನ್ನುತ್ತದೆ. ಅದಿರಿನಲ್ಲಿ ಕಬ್ಬಿಣಕ್ಕೆ ಅಂಟಿಕೊಂಡ ಆಮ್ಲಜನಕವನ್ನು ಇದ್ದಿಲಿನ ಇಂಗಾಲ ಕಿತ್ತುಕೊಳ್ಳುತ್ತದೆ. ಕಡ್ಡಿ ಸುಟ್ಟು ಉಳಿದ ಇಂಗಾಲ ಸ್ವಲ್ಪವೇ ಸ್ವಲ್ಪ ಕಬ್ಬಿಣದೊಳಗೆ ಸೇರಿ ಅದು ಉಕ್ಕಾಗುತ್ತದೆ. ಕುಲುಮೆಯ ಮುಂದೆ ಕೂತವನಿಗೆ ಈ ಪದಗಳು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಇಂದಿನ ವಿದ್ಯಾರ್ಥಿಗೆ ಪದಗಳು ಗೊತ್ತು, ಅವು ಯಾವ ಕೆಲಸವನ್ನು ಹೇಳುತ್ತವೆ ಎಂಬುದು ಗೊತ್ತಿಲ್ಲ. ಕಲಿಕೆಯ ಸಮಸ್ಯೆ ಇರುವುದು ಈ ಅಂತರದಲ್ಲಿ.

ಅರಸರ ಎಲೆ, ಪಂಡಿತನ ಎಲೆ

ಆಟದ ಮೂಲಕ ವಿದ್ಯೆ ದಾಟಿಸುವ ಯತ್ನವನ್ನು ಬಹು ದೊಡ್ಡ ಪ್ರಮಾಣದಲ್ಲಿ ಮಾಡಿದ ಕನ್ನಡ ನಾಡಿನ ಅರಸರೆಂದರೆ ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡ ಮೇಲೆ ಅರಸರ ಬುದ್ಧಿಶಕ್ತಿ ಸಾಹಿತ್ಯ, ಸಂಗೀತ, ಚಿತ್ರ ಮತ್ತು ಆಟಗಳತ್ತ ಹರಿಯಿತು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ಭಾಗಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೇ ಮೀಸಲು. ದೇವತೆಗಳು, ಗ್ರಹಗಳು, ರಾಶಿಗಳನ್ನು ಎಲೆಗಳಿಗೂ ಮನೆಗಳಿಗೂ ಇಳಿಸಿದ ಈ ಆಟಗಳನ್ನು ಆಡುತ್ತಾ ಹೋದವನಿಗೆ ಪುರಾಣವೂ ಜ್ಯೋತಿಷವೂ ತಾವಾಗಿ ಪರಿಚಯವಾಗುತ್ತಿದ್ದವು. ಪಾಪ ಪುಣ್ಯಗಳನ್ನು ಹಾವು ಏಣಿಗಳಾಗಿಸಿದ ಪರಮಪದ ಸೋಪಾನ ಪಟದ ಹಿಂದಿರುವುದೂ ಇದೇ ತತ್ತ್ವ.

ದಶಾವತಾರ ಗಂಜೀಫದಲ್ಲಿ 120 ದುಂಡನೆಯ ಎಲೆಗಳು. ಹತ್ತು ಅವತಾರಗಳಿಗೆ ಹತ್ತು ಪಂಗಡ. ಒಂದೊಂದರಲ್ಲಿ ರಾಜ, ಮಂತ್ರಿ ಮತ್ತು ಒಂದರಿಂದ ಹತ್ತರವರೆಗಿನ ಅಂಕಿಗಳು. ಇದರಲ್ಲೊಂದು ಸ್ವಾರಸ್ಯವಿದೆ. ಐದು ಪಂಗಡಗಳಲ್ಲಿ ಅಂಕಿ ಏರಿದಂತೆ ಬಲವೂ ಏರುತ್ತದೆ. ಉಳಿದ ಐದರಲ್ಲಿ ಅಂಕಿ ಏರಿದಂತೆ ಬಲ ಇಳಿಯುತ್ತದೆ. ಎಲೆ ಯಾವ ಪಂಗಡದ್ದೆಂದು ತಿಳಿಯದೆ ಅದರ ಬಲ ತಿಳಿಯುವುದಿಲ್ಲ.

ಮುಮ್ಮಡಿಯವರು 1868ರ ಮಾರ್ಚಿಯಲ್ಲಿ ತೀರಿಕೊಂಡರು. ಮರುವರ್ಷ, 1869ರಲ್ಲಿ, ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ದ್ಮಿತ್ರಿ ಮೆಂಡಲೀವ್ ಎಂಬ ಪ್ರಾಧ್ಯಾಪಕ ಆಗ ತಿಳಿದಿದ್ದ 63 ಧಾತುಗಳನ್ನು ಸಾಲು ಸಾಲಾಗಿ ಜೋಡಿಸಿ ಜಗತ್ತಿನ ಮುಂದಿಟ್ಟ. ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕ ಬರೆಯುವಾಗ ಧಾತುಗಳನ್ನು ಯಾವ ಕ್ರಮದಲ್ಲಿ ಹೇಳಬೇಕೆಂಬ ಪ್ರಶ್ನೆಯಿಂದ ಹುಟ್ಟಿದ ಕೆಲಸವದು. ಒಂದೊಂದು ಧಾತುವಿನ ಹೆಸರು, ಪರಮಾಣು ತೂಕ, ಗುಣಗಳನ್ನು ಒಂದೊಂದು ಎಲೆಯ ಮೇಲೆ ಬರೆದು, ಒಬ್ಬನೇ ಇಸ್ಪೀಟು ಆಡುವವನಂತೆ ಅವನ್ನು ಜೋಡಿಸುತ್ತಿದ್ದನೆಂಬ ಕಥೆ ಪ್ರಸಿದ್ಧವಾಗಿದೆ. ಆ ಎಲೆಗಳು ಇಂದು ಯಾರ ಬಳಿಯೂ ಇಲ್ಲವಾದ್ದರಿಂದ ಚರಿತ್ರಕಾರರು ಕಥೆಯನ್ನು ಪೂರ್ತಿ ಒಪ್ಪುವುದಿಲ್ಲ. ಆದರೆ ಕೋಷ್ಟಕದ ಸ್ವಭಾವವಂತೂ ಎಲೆಯಾಟದ್ದೇ. ಅಡ್ಡ ಸಾಲಿನಲ್ಲಿ ತೂಕದ ಕ್ರಮ, ಲಂಬ ಸಾಲಿನಲ್ಲಿ ಗುಣದ ಪಂಗಡ.

ಕೈಯಲ್ಲಿ ಇಲ್ಲದ ಎಲೆಗೂ ಮೆಂಡಲೀವ್ ಜಾಗ ಬಿಟ್ಟ. ಆ ಖಾಲಿ ಮನೆಗಳಿಗೆ ಅವನು ಇಟ್ಟ ಹೆಸರುಗಳಲ್ಲಿ ಸಂಸ್ಕೃತದ ಅಂಕಿ ಇದೆ: ಏಕ-ಅಲ್ಯೂಮಿನಿಯಮ್, ಏಕ-ಬೋರಾನ್, ಏಕ-ಸಿಲಿಕಾನ್. 1875ರಲ್ಲಿ ಗ್ಯಾಲಿಯಮ್, 1879ರಲ್ಲಿ ಸ್ಕ್ಯಾಂಡಿಯಮ್, 1886ರಲ್ಲಿ ಜರ್ಮೇನಿಯಮ್ ಸಿಕ್ಕಿ ಮೂರೂ ಮನೆ ತುಂಬಿದವು. ಗಂಜೀಫದ ಸ್ವಾರಸ್ಯ ಇಲ್ಲಿಯೂ ಉಂಟು. ಲಿಥಿಯಮ್, ಸೋಡಿಯಮ್, ಪೊಟ್ಯಾಶಿಯಮ್‌ಗಳ ಪಂಗಡದಲ್ಲಿ ಕೆಳಗಿಳಿದಂತೆ ಧಾತುವಿನ ಉಗ್ರತೆ ಏರುತ್ತದೆ. ಫ್ಲೂರಿನ್, ಕ್ಲೋರಿನ್, ಬ್ರೋಮಿನ್, ಅಯೊಡಿನ್‌ಗಳ ಪಂಗಡದಲ್ಲಿ ಕೆಳಗಿಳಿದಂತೆ ಅದು ಇಳಿಯುತ್ತದೆ. ಗಂಜೀಫ ಆಡಿ ಬಲ್ಲವನಿಗೆ ಇದನ್ನು ವಿವರಿಸುವುದು ಕಷ್ಟವಲ್ಲ.

ಮೆಂಡಲೀವ್‌ಗಿಂತ ನಾಲ್ಕು ವರ್ಷ ಮೊದಲು, 1865ರಲ್ಲಿ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜರ್ಮನಿಯ ಆಗಸ್ಟ್ ಹಾಫ್‌ಮನ್ ಉಪನ್ಯಾಸ ಕೊಟ್ಟ. ಆಗ ಇಂಗ್ಲೆಂಡಿನ ಹುಲ್ಲುಹಾಸುಗಳಲ್ಲಿ ಕ್ರೋಕೆ ಎಂಬ ಚೆಂಡಾಟ ಜನಪ್ರಿಯವಾಗಿತ್ತು. ಹಾಫ್‌ಮನ್ ಆ ಆಟದ ಮರದ ಚೆಂಡುಗಳಿಗೆ ಬಣ್ಣ ಬಳಿದು, ಕಡ್ಡಿ ಚುಚ್ಚಿ, ಅಣುಗಳನ್ನು ಕಟ್ಟಿ ತೋರಿಸಿದ. ಇಂಗಾಲ ಕಪ್ಪು, ಜಲಜನಕ ಬಿಳಿ, ಆಮ್ಲಜನಕ ಕೆಂಪು, ಸಾರಜನಕ ನೀಲಿ, ಕ್ಲೋರಿನ್ ಹಸಿರು. ಇಂದಿಗೂ ಶಾಲೆಯ ಪುಸ್ತಕಗಳಲ್ಲಿ ಅಣುವಿನ ಚಿತ್ರ ಇದೇ ಬಣ್ಣಗಳಲ್ಲಿರುತ್ತದೆ. ಆದರೆ ಅವನ ಅಣುಗಳು ಚಪ್ಪಟೆಯಾಗಿದ್ದವು. ಇಂಗಾಲದ ನಾಲ್ಕು ಕೈಗಳು ನಾಲ್ಕು ದಿಕ್ಕಿಗೆ ಚಾಚಿಕೊಂಡಿರುತ್ತವೆಂಬುದು 1874ರವರೆಗೆ ಸ್ಥಿರಪಟ್ಟಿರಲಿಲ್ಲ. ಆಟಿಕೆ ಕಲಿಸುತ್ತದೆ, ಜೊತೆಗೆ ತಪ್ಪನ್ನೂ ಕಲಿಸಬಹುದು. ಈ ಎಚ್ಚರ ಆಗಲೂ ಬೇಕಿತ್ತು, ಈಗಲೂ ಬೇಕು.

ಕನ್ನಡದ ದಾರಿ

ಕನ್ನಡದಲ್ಲಿ ವಿಜ್ಞಾನ ಹೇಳುವ ಯತ್ನಕ್ಕೆ ತುಮಕೂರು ಜಿಲ್ಲೆಯ ಕೊಡುಗೆ ಸಣ್ಣದಲ್ಲ. ಕೊರಟಗೆರೆಯ ನೆರೆಯ ತುಮಕೂರು ತಾಲ್ಲೂಕಿನ ಬೆಳ್ಳಾವೆಯವರಾದ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿದ್ದರು. ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆಗೂಡಿ ಅವರು 1918ರಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ತಂದರು. ಅದು ಹೆಚ್ಚು ಕಾಲ ಬಾಳಲಿಲ್ಲವಾದರೂ, ಕನ್ನಡದಲ್ಲಿ ವಿಜ್ಞಾನ ಬರೆಯಲು ಸಾಧ್ಯ ಎಂಬುದನ್ನು ತೋರಿಸಿಕೊಟ್ಟಿತು. 1936ರಲ್ಲಿ ಶಿವರಾಮ ಕಾರಂತರ ‘ಬಾಲಪ್ರಪಂಚ’ ಬಂತು. ಮಕ್ಕಳ ಶಿಕ್ಷಣದಲ್ಲಿ ಆಟ, ನಾಟಕ, ಕುಣಿತಗಳಿಗೆ ಸ್ಥಾನ ಬೇಕೆಂದು ಪುತ್ತೂರಿನಲ್ಲಿ ಪ್ರಯೋಗ ಮಾಡಿದ ಕಾರಂತರೇ ಮಕ್ಕಳಿಗಾಗಿ ವಿಜ್ಞಾನವನ್ನೂ ಬರೆದದ್ದು ಆಕಸ್ಮಿಕವಲ್ಲ. ಮೈಸೂರಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಜೆ.ಆರ್. ಲಕ್ಷ್ಮಣರಾವ್ (1921–2017) ಈ ಶಾಸ್ತ್ರವನ್ನು ತಿಳಿಗನ್ನಡದಲ್ಲಿ ಹೇಳಿದರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಮಾಸಪತ್ರಿಕೆಗೆ ಸಂಪಾದಕರಾಗಿಯೂ ದುಡಿದರು.

ಪುಸ್ತಕದಿಂದ ಕೈಗೆ ಬರುವ ಹೆಜ್ಜೆ ಮಧ್ಯಪ್ರದೇಶದಲ್ಲಿ ಮೊದಲಾಯಿತು. ಹೋಶಂಗಾಬಾದ್ ಜಿಲ್ಲೆಯ ಹಳ್ಳಿಶಾಲೆಗಳಲ್ಲಿ 1972ರಿಂದ 2002ರವರೆಗೆ ನಡೆದ ವಿಜ್ಞಾನ ಶಿಕ್ಷಣ ಕಾರ್ಯಕ್ರಮದಲ್ಲಿ ಮಕ್ಕಳು ಪ್ರಯೋಗ ಮಾಡಿ ಕಲಿತರು. ಅರವಿಂದ ಗುಪ್ತ ಅವರು ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್‌ಟ್ಯೂಬಿನ ತುಂಡುಗಳಿಂದ ಆಕೃತಿಗಳನ್ನು ಕಟ್ಟುವ ವಿಧಾನ ರೂಪಿಸಿದ್ದು ಅಲ್ಲಿಯೇ. ಹಾಫ್‌ಮನ್ನನ ಕ್ರೋಕೆ ಚೆಂಡು ಹೀಗೆ ಭಾರತದ ಹಳ್ಳಿಯ ಸೈಕಲ್‌ಷಾಪಿಗೆ ಬಂದಿತೆನ್ನಬಹುದು. ಕರ್ನಾಟಕದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ‘ನಲಿ-ಕಲಿ’ ಆರಂಭವಾಯಿತು. ಮಕ್ಕಳು ಕಾರ್ಡು, ಹಾಡು, ಆಟಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಈ ಕ್ರಮ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಹರಡಿತು.

ಆದರೆ ‘ನಲಿ’ ಎಂಬುದು ಮೂರನೆಯ ತರಗತಿಗೆ ಮುಗಿಯುತ್ತದೆ. ‘ಕಲಿ’ ಮಾತ್ರ ಮುಂದುವರಿಯುತ್ತದೆ. ಪ್ರೌಢಶಾಲೆಗೆ ಬರುವ ಹೊತ್ತಿಗೆ ಆಟವೆಂದರೆ ವ್ಯಾಯಾಮದ ಪಿರಿಯಡ್ಡು. ಅಮೂರ್ತ ವಿಷಯಗಳು ತಲೆ ಎತ್ತುವುದು ಆಗಲೇ. ಕಣ್ಣಿಗೆ ಕಾಣದ ಪರಮಾಣು, ಮುಟ್ಟಲಾಗದ ವೇಲೆನ್ಸಿ, ಸೋಡಿಯಮ್ಮಿಗೆ ‘ಎಸ್’ ಬಿಟ್ಟು ‘ಎನ್‌ಎ’ ಎಂಬ ಲ್ಯಾಟಿನ್ ಸಂಕೇತ. ಆಟದ ಆಸರೆ ಹೆಚ್ಚು ಬೇಕಾದ ಘಟ್ಟದಲ್ಲಿಯೇ ಅದನ್ನು ಕಿತ್ತುಕೊಳ್ಳಲಾಗುತ್ತದೆ.

ಅಳಗುಳಿಮಣೆಯ ಲೆಕ್ಕ

ಆಟದಿಂದ ರಸಾಯನಶಾಸ್ತ್ರ ಕಲಿಯುವುದೆಂದರೆ ಪಾಠಕ್ಕೆ ಸಕ್ಕರೆ ಸವರುವುದಲ್ಲ. ಆಟದ ನಿಯಮವೇ ಶಾಸ್ತ್ರದ ನಿಯಮವಾಗಿರಬೇಕು. ಎರಡು ಉದಾಹರಣೆಗಳನ್ನು ನೋಡಬಹುದು.

ಹಳೆಯ ಲಗ್ನಪತ್ರಿಕೆಗಳನ್ನು ಇಸ್ಪೀಟೆಲೆಯ ಗಾತ್ರಕ್ಕೆ ಕತ್ತರಿಸಿ, ಒಂದೊಂದರ ಮೇಲೂ ಒಂದು ಧಾತು ಅಥವಾ ಧಾತುಗುಂಪಿನ ಹೆಸರು, ಸಂಕೇತ, ವೇಲೆನ್ಸಿ ಬರೆಯಬೇಕು. ನಾಲ್ವರು ಆಟಗಾರರಿಗೆ ಏಳೇಳು ಎಲೆ. ರಮ್ಮಿಯಲ್ಲಿ ಜೋಡಿ ಸೇರಿಸುವಂತೆ ಇಲ್ಲಿ ಧನ ಮತ್ತು ಋಣ ಎಲೆಗಳು ಸರಿದೂಗುವಂತೆ ಇಳಿಸಬೇಕು. ಸೋಡಿಯಮ್ ಒಂದು, ಕ್ಲೋರಿನ್ ಒಂದು: ಅಡುಗೆ ಉಪ್ಪು. ಕ್ಯಾಲ್ಸಿಯಮ್ಮಿನ ಬಲ ಎರಡು, ಹೈಡ್ರಾಕ್ಸೈಡಿನದು ಒಂದು. ಆದ್ದರಿಂದ ಒಂದು ಕ್ಯಾಲ್ಸಿಯಮ್ಮಿಗೆ ಎರಡು ಹೈಡ್ರಾಕ್ಸೈಡ್ ಎಲೆ ಹಾಕಬೇಕು. ಅದು ಅರಳಿದ ಸುಣ್ಣ, ಅಂದರೆ ಓಕುಳಿಯನ್ನು ಕೆಂಪು ಮಾಡಿದ ಸುಣ್ಣ. ಅಲ್ಯೂಮಿನಿಯಮ್ ಮೂರು, ಆಮ್ಲಜನಕ ಎರಡು ಬಂದಾಗ ಹುಡುಗರು ತಡವರಿಸುತ್ತಾರೆ. ಎರಡು ಅಲ್ಯೂಮಿನಿಯಮ್, ಮೂರು ಆಮ್ಲಜನಕ ಸೇರಿದರೆ ಆರಕ್ಕೆ ಆರು ಎಂದು ಯಾರಾದರೊಬ್ಬರು ಕಂಡುಹಿಡಿಯುತ್ತಾರೆ. ಹಲಗೆಯ ಮೇಲೆ ಒಣ ಸೂತ್ರವಾಗಿದ್ದದ್ದು ಕೈಯಲ್ಲಿ ಗೆಲ್ಲುವ ಯುಕ್ತಿಯಾಗುತ್ತದೆ. ಎಲೆ ಇಳಿಸಿದವರು ಆ ವಸ್ತು ಮನೆಯಲ್ಲೋ ಹೊಲದಲ್ಲೋ ಎಲ್ಲಿದೆ ಎಂದು ಹೇಳಿದರೆ ಮಾತ್ರ ಅಂಕ ಎಂಬ ನಿಯಮ ಸೇರಿಸಿದರೆ ಆಟ ಇನ್ನೂ ಕಾವೇರುತ್ತದೆ.

ಎರಡನೆಯದು ಅಳಗುಳಿಮಣೆ. ಎರಡು ಸಾಲು, ಸಾಲಿಗೆ ಏಳು ಗುಳಿ. ಹುಣಿಸೆಬೀಜ ಒಂದು ಗುಳಿಯಿಂದ ಇನ್ನೊಂದಕ್ಕೆ ಸಾಗುತ್ತದೆ, ಒಬ್ಬರ ಕೈಯಿಂದ ಇನ್ನೊಬ್ಬರ ಕೈ ಸೇರುತ್ತದೆ. ಆಟದ ಮೊದಲಲ್ಲಿ ಎಷ್ಟು ಬೀಜ ಇತ್ತೋ ಕೊನೆಯಲ್ಲಿಯೂ ಅಷ್ಟೇ. ರಾಸಾಯನಿಕ ಕ್ರಿಯೆಯಲ್ಲಿಯೂ ಒಟ್ಟು ದ್ರವ್ಯ ಹೆಚ್ಚುವುದಿಲ್ಲ, ಕುಗ್ಗುವುದಿಲ್ಲ ಎಂಬುದೇ ಫ್ರಾನ್ಸಿನ ಲವಾಸಿಯೇ 1789ರ ತನ್ನ ಗ್ರಂಥದಲ್ಲಿ ಸಾರಿದ ತತ್ತ್ವ. ಜಲಜನಕ ಉರಿದು ನೀರಾಗುವ ಸಮೀಕರಣವನ್ನು ಎರಡು ಬಣ್ಣದ ಬೀಜಗಳಲ್ಲಿ ಆಡಿಸಬಹುದು. ಎಡ ಸಾಲಿನಲ್ಲಿ ಜಲಜನಕದ ಎರಡು ಜೋಡಿ, ಆಮ್ಲಜನಕದ ಒಂದು ಜೋಡಿ. ಬಲ ಸಾಲಿನ ಪ್ರತಿ ಗುಳಿಗೆ ಎರಡು ಜಲಜನಕ, ಒಂದು ಆಮ್ಲಜನಕ. ಎರಡು ಗುಳಿ ತುಂಬಿದಾಗ ಎಡದಲ್ಲಿ ಒಂದು ಬೀಜವೂ ಮಿಗುವುದಿಲ್ಲ. ಸಮೀಕರಣ ಸರಿದೂಗಿಸುವುದೆಂದರೆ ಇಷ್ಟೇ. ಈ ಮಣೆ ಅಜ್ಜಿಯ ಮನೆಯ ಅಟ್ಟದ ಮೇಲೆ ಇದ್ದರೂ ಇದ್ದೀತು.

ಆಕ್ಷೇಪಗಳು

ಇದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಇಸ್ಪೀಟಿನಿಂದ ಮನೆ ಹಾಳಾದ ಕಥೆಗಳು ಪ್ರತಿ ಹಳ್ಳಿಯಲ್ಲಿಯೂ ಇವೆ. ಶಾಲೆಯಲ್ಲಿ ಮಕ್ಕಳ ಕೈಗೆ ಎಲೆ ಕೊಡುತ್ತಾರೆಂದರೆ ಹೆತ್ತವರು ಹುಬ್ಬೇರಿಸುವುದು ಸಹಜ. ಅವರನ್ನು ಕರೆದು ಒಂದು ಸುತ್ತು ಆಡಿಸುವುದೇ ಇದಕ್ಕೆ ಮದ್ದು.

ಎರಡನೆಯ ತೊಡಕು ಪರೀಕ್ಷೆಯದು. ಎಸ್ಸೆಸ್ಸೆಲ್ಸಿಯ ವಿಜ್ಞಾನದಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಭೌತ, ರಸಾಯನ, ಜೀವವಿಜ್ಞಾನ ಮೂರನ್ನೂ ಒಬ್ಬರೇ ಶಿಕ್ಷಕರು ಮುಗಿಸಬೇಕಾದಾಗ ಒಂದು ಪಿರಿಯಡ್ಡನ್ನು ಎಲೆಯಾಟಕ್ಕೆ ಕೊಡಲು ಧೈರ್ಯ ಬೇಕು. ಮೂರನೆಯದು ಇನ್ನೂ ಸೂಕ್ಷ್ಮ. ಮಕ್ಕಳು ಗೆಲ್ಲುವುದನ್ನು ಕಲಿತು ರಸಾಯನಶಾಸ್ತ್ರ ಕಲಿಯದೇ ಹೋಗಬಹುದು. ಜೋಡಿ ಸೇರಿಸುವ ಚಾಳಿ ಹತ್ತಿದವನಿಗೆ ನಿಸರ್ಗದಲ್ಲಿ ಎಲ್ಲ ಜೋಡಿಯೂ ಹೀಗೆ ಸುಲಭವಾಗಿ ಸೇರುತ್ತದೆ ಎಂಬ ಭ್ರಮೆ ಹುಟ್ಟಬಹುದು; ಹಾಫ್‌ಮನ್ನನ ಚಪ್ಪಟೆ ಅಣುವಿನ ಪಾಠವೇ ಇದು. ಆದ್ದರಿಂದ ಆಟ ಮುಗಿದ ಮೇಲಿನ ಹತ್ತು ನಿಮಿಷದ ಮಾತುಕತೆ ಆಟದಷ್ಟೇ ಮುಖ್ಯ. ಯಾವ ಜೋಡಿ ಏಕೆ ಕೂಡಿತು, ಯಾವುದು ಏಕೆ ಕೂಡಲಿಲ್ಲ ಎಂದು ಶಿಕ್ಷಕರು ಕೇಳಬೇಕು. ಕೇಳದಿದ್ದರೆ ಅದು ಬರೀ ಕಾಲಹರಣ.

ಈ ನಡುವೆ ಇನ್ನೊಂದು ಬೆಳವಣಿಗೆಯಾಯಿತು. ಎನ್‌ಸಿಇಆರ್‌ಟಿ 2022ರಲ್ಲಿ ಪಠ್ಯದ ಹೊರೆ ಇಳಿಸುವಾಗ ತನ್ನ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ಧಾತುಗಳ ಆವರ್ತಕ ವರ್ಗೀಕರಣದ ಅಧ್ಯಾಯವನ್ನು ಕೈಬಿಟ್ಟಿತು. ಅದು ಹನ್ನೊಂದನೆಯ ತರಗತಿಯಲ್ಲಿ ಬರುತ್ತದೆ ಎಂಬುದು ಸಮಾಧಾನ. ಆದರೆ ಹತ್ತರ ನಂತರ ವಿಜ್ಞಾನ ತೆಗೆದುಕೊಳ್ಳದವರಿಗೆ, ಓದನ್ನೇ ನಿಲ್ಲಿಸುವವರಿಗೆ, ಹನ್ನೊಂದನೆಯ ತರಗತಿಯ ಪುಸ್ತಕ ಎಂದೂ ಕೈಗೆ ಬರುವುದಿಲ್ಲ. ಜಗತ್ತು 118 ಧಾತುಗಳಿಂದ ಆಗಿದೆ ಎಂಬ ಒಟ್ಟು ಚಿತ್ರವನ್ನು ಅವರು ಒಂದು ಕಟ್ಟು ಎಲೆಯಲ್ಲಾದರೂ ನೋಡಬೇಡವೇ?

ಒಂಬತ್ತನೆಯ ಮನೆ

ಇದು ಅಂಕದ ಪ್ರಶ್ನೆಯಷ್ಟೇ ಅಲ್ಲ ಎನ್ನಲು ಪಾವಗಡಕ್ಕೆ ಹೋಗಬೇಕು. ಕೆರೆಬಾವಿಗಳು ಬತ್ತಿ ಕೊಳವೆಬಾವಿಗಳು ಆಳಕ್ಕೆ ಇಳಿದ ಮೇಲೆ ಅಲ್ಲಿ ಬಂಡೆಯೊಳಗಿನ ಫ್ಲೋರೈಡ್ ನೀರಿನೊಂದಿಗೆ ಮೇಲೆ ಬಂತು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲು ಹಳದಿ, ಕಂದು ಕಲೆಗಟ್ಟುತ್ತದೆ. ಆ ಕಲೆ ಉಜ್ಜಿದರೆ ಹೋಗುವುದಿಲ್ಲ. ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲುಗಳಿಗೂ ತೊಂದರೆ.

ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುತ್ತದೆಂದು ನಂಬಿದವರಿದ್ದಾರೆ. ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಕುದಿಸುವುದು ರೋಗಾಣುವಿಗೆ ಮದ್ದು, ಧಾತುವಿಗಲ್ಲ. ಸ್ಫಟಿಕ (ಪಟಿಕ) ಮತ್ತು ಸುಣ್ಣ ಬೆರೆಸಿ ಫ್ಲೋರೈಡನ್ನು ತಳಕ್ಕೆ ಇಳಿಸುವ ‘ನಲ್ಗೊಂಡ ವಿಧಾನ’ವೊಂದು ನಮ್ಮ ದೇಶದಲ್ಲೇ ರೂಪುಗೊಂಡಿದೆ. ಪಾವಗಡದ ಹಳ್ಳಿಗಳಲ್ಲಿ ಈಗ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ಘಟಕ ಕೆಟ್ಟು ನಿಂತ ದಿನ ಕೊಳವೆಬಾವಿಯ ನೀರನ್ನು ಮಗುವಿಗೆ ಕೊಡಬಾರದೇಕೆ ಎಂದು ಮನೆಯಲ್ಲಿ ಹೇಳಬಲ್ಲವರು ಯಾರು? ಹೈಸ್ಕೂಲು ಓದುವ ಹುಡುಗಿಯೇ ಹೇಳಬೇಕು.

ಆ ಹುಡುಗಿಗೆ ಆವರ್ತಕ ಕೋಷ್ಟಕದ ಒಂಬತ್ತನೆಯ ಮನೆ ‘ಎಫ್’ ಎಂಬ ಅಕ್ಷರವಾಗಿ ಮಾತ್ರ ಉಳಿದರೆ ಪಾಠ ಸೋತಂತೆ. ಎಲೆಯಾಟದಲ್ಲಿ ಫ್ಲೂರಿನ್ ಎಲೆ ಕೈಗೆ ಬಂದಾಗ, ಇದು ಎಲ್ಲಿದೆ ಎಂಬ ಪ್ರಶ್ನೆಗೆ ಅವಳು ‘ನಮ್ಮೂರ ನೀರಿನಲ್ಲಿ’ ಎಂದು ಉತ್ತರಿಸಿದರೆ ಅಂಕವೂ ಸಿಕ್ಕಿತು, ಅರ್ಥವೂ ಸಿಕ್ಕಿತು.

ಗುಂಪಿನಲ್ಲಿ ಚಿಕ್ಕ ಮಕ್ಕಳನ್ನು ಸೇರಿಸಿಕೊಂಡು, ಗೆದ್ದರೂ ಸೋತರೂ ಎಣಿಸದೆ ಬಿಡುವುದಕ್ಕೆ ನಮ್ಮಲ್ಲಿ ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎನ್ನುತ್ತಾರೆ. ವಿಜ್ಞಾನದ ತರಗತಿಯಲ್ಲಿ ಹಳ್ಳಿಯ ಎಷ್ಟೋ ಮಕ್ಕಳ ಪಾಡು ಇದೇ. ಹಾಜರಿ ಪುಸ್ತಕದಲ್ಲಿ ಹೆಸರಿದೆ, ಕಲಿತವರ ಲೆಕ್ಕದಲ್ಲಿ ಇಲ್ಲ. ಅವರನ್ನು ಲೆಕ್ಕಕ್ಕೆ ತರುವ ದಾರಿಯೊಂದು ಆಟದ ಮೂಲಕವೇ ಹಾದುಹೋಗುವುದಾದರೆ, ಅದನ್ನು ನಡೆದು ನೋಡಲು ಬೇಕಾದದ್ದು ಒಂದಿಷ್ಟು ಹಳೆಯ ಲಗ್ನಪತ್ರಿಕೆ, ಒಂದು ಹಿಡಿ ಹುಣಿಸೆಬೀಜ, ಚಿಟಿಕೆ ಅರಿಸಿನ, ಬೆರಳ ತುದಿಯಷ್ಟು ಸುಣ್ಣ.